ಅಟ್ಟದ ಪ್ರಾಣಿಯನ್ನು ಹಿಡಿಸುವ ಮುನ್ನ ಮರಿಗಳಿವೆಯೇ ಎಂದು ನೋಡಿಸಿ: ಧಾರವಾಡದಿಂದ ಒಂದು ಎಚ್ಚರಿಕೆ

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ನಾರಾಯಣಪುರದಂಥ ಹಳೆಯ ಬಡಾವಣೆಗಳಲ್ಲಿ ಹಂಚಿನ ಮನೆ ಇರುವವರು, ಹಿತ್ತಲಲ್ಲಿ ಮಾವು, ಪೇರಲ, ಚಿಕ್ಕು ಗಿಡಗಳನ್ನು ಬೆಳೆಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಅಟ್ಟದಲ್ಲಿ ಸೇರಿಕೊಂಡ ಪುನುಗು ಬೆಕ್ಕನ್ನು ಹಿಡಿದು ಕಾಡಿಗೆ ಬಿಡುತ್ತೇವೆ ಎಂದು ನಮ್ಮಿಂದ ಹಣ ಪಡೆದ ಒಂದು ಖಾಸಗಿ ಸಂಸ್ಥೆಯವರು ತಾಯಿಯನ್ನು ಮಾತ್ರ ಒಯ್ದರು. ಅದರ ಮರಿಗಳನ್ನು ನಮ್ಮ ತಲೆಯ ಮೇಲೆಯೇ ಸಿಮೆಂಟಿನಿಂದ ಮುಚ್ಚಿ ಹೋದರು. ಇನ್ನೊಂದು ಮನೆಯಲ್ಲಿ ಇದು ನಡೆಯಬಾರದು ಎಂಬ ಕಾರಣಕ್ಕೆ ಆದದ್ದನ್ನು ಆದ ಹಾಗೆಯೇ ಬರೆಯುತ್ತಿದ್ದೇನೆ.

ಬೇಸಿಗೆಯ ಕೊನೆಯಲ್ಲಿ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಬೇಕೆಂದು ನಾವು ಯೋಚಿಸುತ್ತಿದ್ದ ಹೊತ್ತಿಗೆ, ರಾತ್ರಿ ಮಲಗಿದ ಮೇಲೆ ಅಟ್ಟದ ಹಲಗೆಗಳ ಮೇಲೆ ಏನೋ ಓಡಾಡುವ ಸಪ್ಪಳ ಕೇಳಲು ಶುರುವಾಯಿತು. ಬೆಳಿಗ್ಗೆ ನೋಡಿದರೆ ಹಿಂಬದಿಯ ಗೋಡೆಯ ಮೇಲೆ ಒಂದೇ ಜಾಗದಲ್ಲಿ ಹಿಕ್ಕೆ ಬಿದ್ದಿರುತ್ತಿತ್ತು, ಅದರ ತುಂಬ ಚಿಕ್ಕು ಮತ್ತು ಪೇರಲದ ಬೀಜಗಳು. ಇಲಿಯ ಹಿಕ್ಕೆ ಹಾಗಿರುವುದಿಲ್ಲ. ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಅದು ಹಂಚಿನ ಸಂದಿಯಿಂದ ಇಳಿದು ಮಾವಿನ ಟೊಂಗೆ ಹಿಡಿದು ಹೋಗುವುದನ್ನು ನಾನೇ ಕಂಡೆ: ಬೂದುಗಪ್ಪು ಮೈ, ಮುಖದ ಮೇಲೆ ಮುಖವಾಡ ಹಾಕಿದಂಥ ಕಪ್ಪು ಗುರುತು, ಮೈಯಷ್ಟೇ ಉದ್ದವಾದ, ಒಂದೂ ಪಟ್ಟೆಯಿಲ್ಲದ ಕಪ್ಪು ಬಾಲ. ಎರಡರಿಂದ ಐದು ಕಿಲೋ ತೂಗುವ ಈ ಪ್ರಾಣಿ ಹಗಲೆಲ್ಲ ಮರದ ಪೊಟರೆಯಲ್ಲಿ ಮಲಗಿ ರಾತ್ರಿ ಹಣ್ಣು, ಹುಳು, ಇಲಿಗಳನ್ನು ತಿನ್ನುತ್ತದೆ. ಪೊಟರೆಯಿರುವ ದೊಡ್ಡ ಮರಗಳು ಊರೊಳಗೆ ಉಳಿಯದ ಕಾರಣ ಹಂಚಿನ ಮನೆಯ ಅಟ್ಟವೇ ಅದಕ್ಕೆ ಪೊಟರೆಯಾಗುತ್ತದೆ. ಅದು ನಮಗೆ ಕೆಡುಕು ಮಾಡುವ ಪ್ರಾಣಿಯಲ್ಲ. ಆದರೆ ದೇವರ ಮನೆಯ ಮೇಲಿನ ಹಲಗೆಯಿಂದ ಮೂತ್ರ ಸೋರತೊಡಗಿತ್ತು, ವಯಸ್ಸಾದ ಅತ್ತೆಯವರಿಗೆ ರಾತ್ರಿಯ ನಿದ್ರೆ ಹೋಗಿತ್ತು. ಹೀಗಾಗಿ ಬಲ್ಲವರಿಂದ ಅದನ್ನು ತೆರವು ಮಾಡಿಸುವುದೇ ಸರಿಯೆಂದು ನಿರ್ಧರಿಸಿದೆವು.

ಅಂತರ್ಜಾಲದಲ್ಲಿ ಸಿಕ್ಕ ಆ ಸಂಸ್ಥೆಯವರು ಕರೆ ಮಾಡಿದ ದಿನವೇ ಬಂದರು. ಒಬ್ಬ ಮೇಲ್ವಿಚಾರಕ, ಜೊತೆಗೆ ಒಬ್ಬ ಹುಡುಗ. ಇಬ್ಬರೂ ಸಂಸ್ಥೆಯ ಹೆಸರಿದ್ದ ಅಂಗಿ ತೊಟ್ಟಿದ್ದರು. ಮೇಲ್ವಿಚಾರಕ ಪ್ಲಾಸ್ಟಿಕ್ ಹೊದಿಸಿದ ಒಂದು ಪರವಾನಗಿ ಪತ್ರವನ್ನು ತೋರಿಸಿ 6,500 ರೂಪಾಯಿ ಹೇಳಿದ. "ಮ್ಯಾಲೆ ಮರಿ ಏನಾರ ಅದಾವೇನ, ಹತ್ತಿ ನೋಡ್ರಿ" ಎಂದು ನಾನು ಕೇಳಿದೆ. ಏಣಿ ಗೋಡೆಗೆ ಒರಗಿಸಿಯೇ ಇತ್ತು. ಅವನು ಅದರ ಮೇಲೆ ಕಾಲನ್ನೂ ಇಡದೆ, "ಇಲ್ರಿ ಅಕ್ಕಾರ, ಒಂಟಿ ಗಂಡ ಐತಿ, ಸಪ್ಪಳ ಕೇಳಿದ್ರ ತಿಳೀತೈತಿ. ನೀವೇನೂ ಚಿಂತಿ ಮಾಡಬ್ಯಾಡ್ರಿ" ಎಂದ. ಸಪ್ಪಳದಿಂದ ಗಂಡು ಹೆಣ್ಣು ತಿಳಿಯುವುದಿಲ್ಲ. ಹತ್ತಿ ನೋಡದೆ ಉತ್ತರ ಕೊಡುವವನು ಯಾವ ಉತ್ತರವನ್ನಾದರೂ ಕೊಡಬಲ್ಲ.

ಆ ಪರವಾನಗಿಯ ಬಗ್ಗೆ ಎಲ್ಲರೂ ತಿಳಿದುಕೊಳ್ಳಬೇಕಾದದ್ದು ಒಂದಿದೆ. ತಿಗಣೆ, ಜಿರಲೆ, ಗೆದ್ದಲು ನಿವಾರಿಸುವ ಸಂಸ್ಥೆಗಳಿಗೆ 1968ರ ಕೀಟನಾಶಕ ಕಾಯ್ದೆ ಮತ್ತು ಅದರ ನಿಯಮಗಳ ಅಡಿಯಲ್ಲಿ ಪರವಾನಗಿ ಸಿಗುತ್ತದೆ. ಅದು ಔಷಧ ಸಿಂಪಡಿಸುವುದಕ್ಕೆ ಕೊಟ್ಟ ಅನುಮತಿಯೇ ಹೊರತು ಕಾಡುಪ್ರಾಣಿಯನ್ನು ಮುಟ್ಟುವುದಕ್ಕೆ ಕೊಟ್ಟದ್ದಲ್ಲ. ಪುನುಗು ಬೆಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬೋನಿಗೆ ಕೆಡಹುವುದು, ಆಮಿಷ ಇಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮನೆಯ ಅಟ್ಟದಲ್ಲಿ ಬಾಳೆಹಣ್ಣಿಟ್ಟು ಬೋನು ಹೂಡಿದವನೂ ಆ ವ್ಯಾಖ್ಯೆಯೊಳಗೇ ಬರುತ್ತಾನೆ. ಅನುಮತಿಯ ಬಗ್ಗೆ ಕೇಳಿದಾಗ ಮೇಲ್ವಿಚಾರಕ ಅದೇ ಪತ್ರವನ್ನು ಮತ್ತೊಮ್ಮೆ ಮುಂದೆ ಹಿಡಿದು, "ಎಲ್ಲಾ ಇದರಾಗ ಐತ್ರಿ" ಎಂದಿದ್ದ.

ಮರುದಿನ ನಸುಕಿನಲ್ಲಿಯೇ ಪ್ರಾಣಿ ಬೋನಿಗೆ ಬಿತ್ತು. ಅವರು ಬರುವಷ್ಟರಲ್ಲಿ ಬಿಸಿಲು ಏರಿತ್ತು. ಅಷ್ಟು ಹೊತ್ತೂ ಅದು ತಂತಿಯನ್ನು ಕಚ್ಚಿ ಕಚ್ಚಿ ಬಾಯಂಚಿನಲ್ಲಿ ರಕ್ತ ಬರಿಸಿಕೊಂಡಿತ್ತು. ಬೋನಿಗೆ ನೀರಿರಲಿಲ್ಲ, ಮೇಲೆ ಒಂದು ಬಟ್ಟೆಯನ್ನೂ ಹೊದಿಸಿರಲಿಲ್ಲ. ಕೆಳಗಿಳಿಸುವಾಗ ಆ ಹುಡುಗ ಬರಿಗೈಯಿಂದ ತಂತಿಯ ಜಾಲರಿಯನ್ನೇ ಹಿಡಿದಿದ್ದರಿಂದ ಅದು ಅವನ ಬೆರಳನ್ನು ಕಚ್ಚಿತು. ಮೇಲ್ವಿಚಾರಕ "ಏನ ಆಗೂದಿಲ್ಲ, ಅರಿಶಿಣ ಹಚ್ಚಿಕೋ" ಎಂದು ಕೆಲಸ ಮುಂದುವರಿಸಲು ಹೇಳಿದ. ನಾವು ಅದಕ್ಕೆ ಒಪ್ಪಲಿಲ್ಲ. ಕಾಡುಪ್ರಾಣಿಯ ಕಡಿತದಿಂದ ರೇಬಿಸ್ ಬರಬಹುದು, ಬಂದ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಅರಿಶಿಣ, ಸುಣ್ಣ ಯಾವುದನ್ನೂ ಮೆತ್ತಬಾರದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಮತ್ತು ರೇಬಿಸ್ ಇಮ್ಯುನೋಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಎರಡನ್ನೂ ಹಾಕಿಸಿಕೊಳ್ಳಬೇಕು. ಇಪ್ಪತ್ತರ ಆಸುಪಾಸಿನ ಆ ಹುಡುಗನಿಗೆ ಕೈಗವಸನ್ನೂ ಕೊಡದೆ ಕಾಡುಪ್ರಾಣಿಯ ಮುಂದೆ ನಿಲ್ಲಿಸಿದ್ದರು. ನಮ್ಮ ಮನೆಯವರೇ ಅವನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಸಿವಿಲ್ ಆಸ್ಪತ್ರೆಗೆ ಕರೆದೊಯ್ದರು.

ಇತ್ತ ಮೇಲ್ವಿಚಾರಕ ಹಂಚಿನ ಅಂಚಿನಲ್ಲಿದ್ದ ಸಂದಿಗೆ ಥರ್ಮಾಕೋಲ್ ತುರುಕಿ, ಮೇಲೆ ಸಿಮೆಂಟು ಬಳಿದು, ಫೋನ್ ಪೇ ಮೂಲಕ ಹಣ ಹಾಕಿಸಿಕೊಂಡು, ಬೋನನ್ನು ಗಾಡಿಯಲ್ಲಿಟ್ಟುಕೊಂಡು ಹೋದ. ಕಲಘಟಗಿ ಕಡೆಯ ಕಾಡಿಗೆ ಬಿಡುತ್ತೇವೆ, ವಿಡಿಯೋ ಕಳಿಸುತ್ತೇವೆ ಎಂದ.

ಆ ರಾತ್ರಿಯೇ ಅಟ್ಟದಿಂದ ಸಣ್ಣ ಕೂಗು ಕೇಳಿಸಿತು. ಬೆಕ್ಕಿನ ಮರಿಯ ಕೂಗಿಗಿಂತ ತೆಳ್ಳಗೆ, ಒಂದು ನಿಂತರೆ ಇನ್ನೊಂದು. ಮೇಲ್ವಿಚಾರಕನಿಗೆ ಕರೆ ಮಾಡಿದರೆ "ಇಲಿ ಇರಬೇಕ್ರಿ ಅಕ್ಕಾರ, ಇಲಿಗೆ ಬ್ಯಾರೆ ಚಾರ್ಜ್ ಆಗ್ತೈತಿ" ಎಂದ. ಫೋನಿನಲ್ಲಿ ಆ ದನಿಯನ್ನೇ ಕೇಳಿಸಿದೆ. ಕರೆ ಕಡಿದುಹೋಯಿತು, ಆಮೇಲೆ ಅವನು ಫೋನ್ ಎತ್ತಲಿಲ್ಲ. ಹಲಗೆ ಬಿಚ್ಚುವ ಬಡಿಗ ಸಿಗುವವರೆಗೂ ಆ ಕೂಗನ್ನು ಕೇಳುತ್ತಲೇ ಇರಬೇಕಾಯಿತು. ಕೂಗು ಹೊತ್ತಿನಿಂದ ಹೊತ್ತಿಗೆ ಕ್ಷೀಣಿಸುತ್ತಿತ್ತು. ಅತ್ತೆಯವರು ಊಟ ಬಿಟ್ಟರು. "ಹಸಕೊಂಡ ಕೂಸು ಅಳೂದು ಕೇಳಿಕೋತ ನಾ ಹ್ಯಾಂಗ ಉಣ್ಣಲಿ" ಎಂದ ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಬಡಿಗ ಬಂದು ದೇವರ ಮನೆಯ ಮೇಲಿನ ಹಲಗೆಯನ್ನು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ತೊಲೆಯ ಮೂಲೆಯಲ್ಲಿ, ಹಳೆಯ ಗೋಣಿಚೀಲದ ಚೂರು ಮತ್ತು ಒಣ ಎಲೆಗಳ ನಡುವೆ ಮೂರು ಮರಿಗಳಿದ್ದವು. ಎರಡು ಸತ್ತಿದ್ದವು. ಉಳಿದ ಒಂದು ಸತ್ತವುಗಳ ಹೊಟ್ಟೆಗೆ ಮೂತಿ ಒತ್ತಿ ಹಾಲು ಹುಡುಕುತ್ತಿತ್ತು. ನನ್ನ ಅಂಗೈಯಷ್ಟು ಉದ್ದದ ಆ ಜೀವದ ಮೈ ಮುಟ್ಟಿದರೆ ತಣ್ಣಗಿತ್ತು.

ಅರಣ್ಯ ಇಲಾಖೆಗೆ ತಿಳಿಸಿದ ಮೇಲೆ ಬಂದ ಸಿಬ್ಬಂದಿ ಹೇಳಿದ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಉಂಟುಮಾಡಿತು. ತಾಯಿ ಹತ್ತಿರದಲ್ಲಿದ್ದಿದ್ದರೆ ಆ ಮರಿಯನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲಾದ ಮೇಲೆ ಅದೇ ಸಂದಿಯ ಬಳಿ ಬಿಟ್ಟು ಜನ ದೂರ ಸರಿದರೆ ಸಾಕಿತ್ತಂತೆ. ತಾಯಿ ಬಂದು ಕತ್ತು ಕಚ್ಚಿಕೊಂಡು ಒಯ್ಯುತ್ತದೆ. ತಾಯಿಯನ್ನೇ ಸಾಗಿಸಿಬಿಟ್ಟ ಮೇಲೆ ಆ ದಾರಿ ಇಲ್ಲ. ಮನುಷ್ಯರ ಕೈಯಲ್ಲಿ ಹಾಲು ಕುಡಿದು ಬೆಳೆದ ಮರಿಯನ್ನು ಮತ್ತೆ ಕಾಡಿಗೆ ಹೊಂದಿಸುವುದು ಬಹಳ ಕಷ್ಟ. ಬದುಕಿದ್ದ ಮರಿಯನ್ನು ಅವರು ಬಟ್ಟೆಯಲ್ಲಿ ಸುತ್ತಿ ಪಶುವೈದ್ಯರ ಬಳಿಗೆ ಒಯ್ದರು.

ಇಷ್ಟರಲ್ಲಿ ಸಂಸ್ಥೆಯಿಂದ ವಿಡಿಯೋ ಬಂತು. ಬೋನಿನ ಬಾಗಿಲು ತೆರೆಯುತ್ತದೆ, ಒಂದು ಪ್ರಾಣಿ ಪೊದೆಯೊಳಗೆ ಓಡುತ್ತದೆ. ಆದರೆ ಆ ಪ್ರಾಣಿಯ ಮೈತುಂಬ ಸಾಲು ಚುಕ್ಕೆಗಳಿದ್ದವು, ಬಾಲದ ಉದ್ದಕ್ಕೂ ಬಳೆ ತೊಡಿಸಿದಂತೆ ಕಪ್ಪು ಬಿಳಿ ಪಟ್ಟೆಗಳಿದ್ದವು. ಅದು ಸಣ್ಣ ಪುನುಗು ಬೆಕ್ಕು ಎಂಬ ಬೇರೆಯೇ ಜಾತಿ ಎಂದು ಸಿಬ್ಬಂದಿ ನೋಡಿದ ಕೂಡಲೇ ಹೇಳಿದರು. ನಮ್ಮ ಅಟ್ಟದ ಪ್ರಾಣಿಗೆ ಬಾಲದ ಮೇಲೆ ಒಂದೂ ಪಟ್ಟೆ ಇರಲಿಲ್ಲ. ಬೇರೆ ಯಾವುದೋ ಸಂದರ್ಭದ ವಿಡಿಯೋವನ್ನು ನಮಗೆ ಕಳಿಸಿದ್ದರು. ಹಾಗಾದರೆ ನಮ್ಮ ಮನೆಯಿಂದ ಒಯ್ದ ತಾಯಿ ಎಲ್ಲಿದೆ ಎಂಬ ಪ್ರಶ್ನೆಗೆ ಇಂದಿಗೂ ಅವರು ಉತ್ತರ ಕೊಟ್ಟಿಲ್ಲ. ಬಿಡುಗಡೆಯ ವಿಡಿಯೋ ತೋರಿಸಿದರೆ ಪ್ರಾಣಿಯ ಗುರುತುಗಳನ್ನು ಹೋಲಿಸಿ ನೋಡಿ. ಬೋನಿಗೆ ಬಿದ್ದಾಗಲೇ ಮುಖ ಮತ್ತು ಬಾಲ ಕಾಣುವಂತೆ ನೀವೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ದೂರ ಒಯ್ದು ಬಿಡುವುದೇ ಪ್ರಾಣಿಗೆ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ಗೊತ್ತಿಲ್ಲದ ಕಾಡಿನಲ್ಲಿ ಅದಕ್ಕೆ ಅಡಗುವ ಜಾಗ ಗೊತ್ತಿರುವುದಿಲ್ಲ, ಹಣ್ಣಿನ ಗಿಡ ಗೊತ್ತಿರುವುದಿಲ್ಲ, ಅಲ್ಲಿ ಮೊದಲೇ ಇರುವ ಪ್ರಾಣಿಗಳು ಅದನ್ನು ಇರಗೊಡುವುದಿಲ್ಲ. ಇತ್ತ ಸಂದಿ ಮತ್ತು ಹಣ್ಣು ಹಾಗೆಯೇ ಇದ್ದರೆ ಖಾಲಿಯಾದ ಅಟ್ಟಕ್ಕೆ ಇನ್ನೊಂದು ಪುನುಗು ಬೆಕ್ಕು ಬರುತ್ತದೆ.

ಸರಿಯಾದ ಕ್ರಮಕ್ಕೆ ಬೋನೇ ಬೇಕಿಲ್ಲ. ಮೊದಲು ಮರಿಗಳಿವೆಯೇ ಎಂದು ಹಗಲಿನಲ್ಲಿ ದೀಪ ಹಿಡಿದು ನೋಡಿಸಬೇಕು. ಇದ್ದರೆ, ಸಾಧ್ಯವಾದವರು ಅವು ತಾಯಿಯ ಹಿಂದೆ ತಾವೇ ಹೊರಡುವವರೆಗೆ, ಅಂದರೆ ಸುಮಾರು ಎರಡು ಮೂರು ತಿಂಗಳು, ತಾಳಿಕೊಳ್ಳುವುದು ಒಳ್ಳೆಯದು. ಅಷ್ಟು ತಾಳಲಾಗದಿದ್ದರೆ ಅಟ್ಟದಲ್ಲಿ ಹಗಲು ರಾತ್ರಿ ದೀಪ ಹಚ್ಚಿಟ್ಟು, ಪಕ್ಕದಲ್ಲಿ ರೇಡಿಯೋ ಮಾತಾಡುವಂತೆ ಇಡಬೇಕು. ನೆಮ್ಮದಿ ಕೆಟ್ಟ ತಾಯಿ ಸಾಮಾನ್ಯವಾಗಿ ಮರಿಗಳನ್ನು ಒಂದೊಂದಾಗಿ ತಾನೇ ಬೇರೆಡೆಗೆ ಸಾಗಿಸುತ್ತದೆ. ಮರಿಗಳಿಲ್ಲವೆಂದು ಅಥವಾ ಹೋದವೆಂದು ಖಚಿತವಾದ ಮೇಲೆ ಸಂದಿಯ ಬಾಯಲ್ಲಿ ರಂಗೋಲಿ ಪುಡಿ ಉದುರಿಸಿಡಿ. ಕತ್ತಲಾದ ಮೇಲೆ ಹೊರಹೋದ ಹೆಜ್ಜೆಗಳು ಮೂಡಿ, ಅಟ್ಟ ನಿಶ್ಶಬ್ದವಾಗಿದ್ದರೆ ಆ ರಾತ್ರಿಯೇ ಗಟ್ಟಿ ತಂತಿಯ ಜಾಲರಿಯಿಂದ ಮುಚ್ಚಬೇಕು. ಹಗಲಿನಲ್ಲಿ ಎಂದೂ ಮುಚ್ಚಬಾರದು, ಆಗ ಅದು ಒಳಗೇ ಮಲಗಿರುತ್ತದೆ. ಚಾವಣಿಗೆ ತಾಗಿದ ಟೊಂಗೆಗಳನ್ನು ಕಡಿಸಿ, ಉದುರಿದ ಹಣ್ಣನ್ನು ಸಂಜೆಗೆ ಮುಂಚೆ ಎತ್ತಿಸಿ. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ ತೆಗೆಯಿರಿ. ಕೆಲವರು ಬಾಳೆಹಣ್ಣಿನಲ್ಲಿ ಇಲಿ ಪಾಷಾಣ ಇಡುವ ಸಲಹೆ ಕೊಡುತ್ತಾರೆ, ಅದು ಅಪರಾಧ. ಅಲ್ಲದೆ ಸತ್ತ ಪ್ರಾಣಿ ಕೈಗೆಟುಕದ ಜಾಗದಲ್ಲಿ ಕೊಳೆಯುತ್ತದೆ, ಓಣಿಯ ನಾಯಿ ಬೆಕ್ಕುಗಳೂ ಸಾಯುತ್ತವೆ.

ಕೂಲಿ ಕೊಟ್ಟು ಯಾರನ್ನಾದರೂ ಕರೆಸುವುದೇ ಆದರೆ, ಮುಂಗಡ ಕೊಡುವ ಮುನ್ನ ಅರಣ್ಯ ಇಲಾಖೆ ಲಿಖಿತವಾಗಿ ಕೊಟ್ಟ ಅನುಮತಿಯನ್ನು ತೋರಿಸಲು ಹೇಳಿ, ಅದರಲ್ಲಿ ಪ್ರಾಣಿಯ ಹೆಸರಿದೆಯೇ ನೋಡಿ. ಈ ಮಾತು ಹಾವಿಗೂ ಅನ್ವಯಿಸುತ್ತದೆ. ಹಿಡಿದ ಹಾವನ್ನು ಚೀಲದಲ್ಲಿ ಹಾಕಿಕೊಂಡು ಓಣಿಯಲ್ಲಿ ಪ್ರದರ್ಶನ ಮಾಡಿ ಹಣ ಕೇಳುವವರನ್ನು ದೂರವಿಡಿ.

ನಮ್ಮ ಹಣದ ವಿಚಾರಕ್ಕೆ ಬಂದರೆ, ಹಲಗೆ ಬಿಚ್ಚಿಸಿ ಮತ್ತೆ ಹೊಡೆಸಿದ್ದು, ಅಟ್ಟ ತೊಳೆಸಿದ್ದು ಸೇರಿ ಆ ಸಂಸ್ಥೆಯವರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಖರ್ಚಾಯಿತು. ದೂರು ಕೊಡದಿದ್ದರೆ ಅರ್ಧ ಹಣ ಮರಳಿಸುತ್ತೇವೆ ಎಂದರು, ನಾವು ಒಪ್ಪಲಿಲ್ಲ. ವಲಯ ಅರಣ್ಯ ಅಧಿಕಾರಿಗಳಿಗೆ ಲಿಖಿತ ದೂರು ಕೊಟ್ಟಿದ್ದೇವೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಸಿದ್ಧಪಡಿಸಿದ್ದೇವೆ. ನೀವು ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಸಲಹೆಗೆ 1915ಕ್ಕೆ ಕರೆ ಮಾಡಬಹುದು. ಬಿಲ್ಲು, ಹಣ ಪಾವತಿಸಿದ ದಾಖಲೆ, ಅವರು ಕಳಿಸಿದ ಸಂದೇಶಗಳು ಯಾವುದನ್ನೂ ಅಳಿಸಬೇಡಿ.

ಇದನ್ನು ಓದುತ್ತಿರುವ ಹೊತ್ತಿಗೆ ನಿಮ್ಮ ಮನೆಯ ಮೇಲೆ ಯಾರಾದರೂ ಬೋನು ಇಟ್ಟಿದ್ದರೆ, ಅಥವಾ ಪ್ರಾಣಿ ಈಗಾಗಲೇ ಬಿದ್ದಿದ್ದರೆ, ಅದನ್ನು ಸಾಗಿಸಲು ಬಿಡಬೇಡಿ. ದೂರದಿಂದಲೇ ಅದರ ಹೊಟ್ಟೆಯ ಕೆಳಗೆ ನೋಡಿ. ಮೊಲೆತೊಟ್ಟುಗಳು ಉಬ್ಬಿ, ಸುತ್ತಲಿನ ಕೂದಲು ಸವೆದಿದ್ದರೆ ಅದಕ್ಕೆ ಹಾಲು ಕುಡಿಯುವ ಮರಿಗಳಿವೆ. ಏನೂ ಕಾಣದಿದ್ದರೂ ಬೋನಿನ ಮೇಲೆ ಗೋಣಿಚೀಲ ಹೊದಿಸಿ, ನೆರಳಿಗೆ ಸರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅವರು ಬಂದು ಅಟ್ಟ ಹತ್ತಿ ನೋಡುವವರೆಗೆ ಸಂದಿಯನ್ನು ಮುಚ್ಚಲು ಯಾರಿಗೂ ಅವಕಾಶ ಕೊಡಬೇಡಿ.