ರಾಯಚೂರಿನವರೇ, ಹಳೆಯ ಸೋಫಾ ಬಿಚ್ಚಲು ಬಿಡುವ ಮೊದಲು ಇದನ್ನು ಓದಿ

ಹೊಸ ಸೋಫಾ ಮಾರುವವನನ್ನೇ ಮನೆಗೆ ಕರೆದು "ನಮ್ಮ ಹಳೆಯದು ರಿಪೇರಿಗೆ ಬರುತ್ತದೆಯೇ, ನೋಡಿ ಹೇಳಿ" ಎಂದು ಯಾರೂ ಕೇಳಬೇಡಿ. ದಯವಿಟ್ಟು ಕೇಳಬೇಡಿ. ಬೀಗರ ಮುಂದೆ ನಾನು ತಲೆ ತಗ್ಗಿಸಿದ್ದು ಸಾಕು, ಇನ್ನೊಬ್ಬರಿಗೆ ಹಾಗಾಗುವುದು ಬೇಡ.

ನಮ್ಮದು ಮೂವರು ಕೂರುವ ಒಂದು, ಒಬ್ಬರು ಕೂರುವ ಎರಡು, ಹೀಗೆ ಐದು ಸೀಟಿನ ಸಾಗುವಾನಿ ಸೋಫಾ. ಅಪ್ಪ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದಾಗ, 1990ರ ಸುಮಾರಿಗೆ, ಬಡಿಗರನ್ನು ಮನೆಗೇ ಕರೆಸಿ ಕಣ್ಣೆದುರು ಮಾಡಿಸಿದ್ದು. ಮರ ಕಲ್ಲಿನಂತಿದೆ. ಕುಶನ್‌ಗಳು ಕುಸಿದಿದ್ದವು, ಕೆಳಗಿನ ಪಟ್ಟಿಗಳು ಜೋಲುಬಿದ್ದಿದ್ದವು, ಅಷ್ಟೇ. ಮಗಳ ನಿಶ್ಚಯಕ್ಕೆ ಬೀಗರು ಬರುವವರಿದ್ದರು. ಮನೆಯವರು ಹೊಸದನ್ನೇ ತರೋಣ ಎಂದರು. ನಾನು ಬೇಡ ಎಂದೆ. ಅಂಗಡಿಯಲ್ಲಿ 25-30 ಸಾವಿರಕ್ಕೆ ಕೊಡುವ ಸೋಫಾಗಳನ್ನು ಬೋರಲು ಹಾಕಿಸಿ ಒಳಗೆ ನೋಡಿದ್ದೆ. ಹಗುರ ಮರದ ರೀಪು, ಪ್ಲೈವುಡ್ ತುಂಡು, ಮೇಲೆ ಬಟ್ಟೆ. ಸಾಗುವಾನಿ ಕೊಟ್ಟು ಅದನ್ನು ತರುವುದಕ್ಕೆ ನನಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಊರೊಳಗಿನ ಒಂದು ಅಂಗಡಿ. ಹೊಸದನ್ನೂ ಮಾರುತ್ತಾರೆ, ಹಳೆಯದನ್ನೂ ರಿಪೇರಿ ಮಾಡುತ್ತಾರೆ. ಮಾಲೀಕ ಮನೆಗೆ ಬಂದ, ಚಹಾ ಕುಡಿದ, ಸೋಫಾ ತಟ್ಟಿ ನೋಡಿದ. "ಅಕ್ಕಾ, ಸೀಟಿಗೆ 2,400. ಐದು ಸೀಟಿಗೆ 12 ಸಾವಿರ. ಬಟ್ಟೆ, 40 ಡೆನ್ಸಿಟಿ ಫೋಮ್, ಪಟ್ಟಿ, ಕೂಲಿ ಎಲ್ಲವೂ ಅದರಲ್ಲೇ ಬಂತು" ಎಂದ. ಎಲ್ಲವೂ ಎಂದ. ಈ ಮಾತನ್ನು ಮನೆಯವರೂ ಕೇಳಿಸಿಕೊಂಡಿದ್ದಾರೆ, ಮಗಳೂ ಕೇಳಿಸಿಕೊಂಡಿದ್ದಾಳೆ. ಆರು ಸಾವಿರ ಮುಂಗಡ ಕೊಟ್ಟೆವು.

ಮರುದಿನ ಅಂಗಡಿಯ ಹುಡುಗರು ಬಂದು ಬ್ಲೇಡಿನಿಂದ ಹತ್ತೂ ಕುಶನ್‌ಗಳ ಬಟ್ಟೆ ಸೀಳಿ ಹಾಕಿದರು. ಒಂದನ್ನೂ ಬಿಡಲಿಲ್ಲ. ಪಟ್ಟಿಗಳನ್ನೂ ಕತ್ತರಿಸಿದರು. ಅದಾದ ಮೇಲೆ ಮಾಲೀಕ ಬಂದ. ಮೊದಲು ಅಲ್ಲ, ಅದಾದ ಮೇಲೆ! ಚೌಕಟ್ಟಿನ ಮೂಲೆಗೆ ಬೆರಳು ಹಾಕಿ ಹಳದಿ ಪುಡಿ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ. "ಮೇಡಂ, ಮರಕ್ಕೆ ಹುಳು ಬಿದ್ದಿದೆ. ಒಳಗೆಲ್ಲ ಟೊಳ್ಳು. ಇದಕ್ಕೆ ದುಡ್ಡು ಹಾಕುವುದು ದಂಡ."

ಮುಂಗಡ ಕೈಗೆ ಬರುವ ತನಕ ಅಕ್ಕಾ ಎನ್ನುತ್ತಿದ್ದವನು ಬಟ್ಟೆ ಹರಿದ ಮೇಲೆ ಮೇಡಂ ಎಂದ.

ಆ ಪುಡಿ ನೋಡಿ ನನ್ನ ಎದೆ ಧಸಕ್ಕೆಂದಿತು. ಅಪ್ಪ ಮಾಡಿಸಿದ ಸೋಫಾ. ಅವನು ತಡ ಮಾಡಲಿಲ್ಲ. "ನನ್ನ ಹತ್ತಿರ 28 ಸಾವಿರದ ಹೊಸ ಸೆಟ್ ಇದೆ. ಇದನ್ನು 1,500ಕ್ಕೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಸೌದೆಗೂ ಇಷ್ಟು ಯಾರೂ ಕೊಡುವುದಿಲ್ಲ" ಎಂದ. ಸಾಗುವಾನಿಗೆ ಸೌದೆಯ ಮಾತು! ಬೇಡ, ರಿಪೇರಿಯನ್ನೇ ಮಾಡಿ ಎಂದೆ. ಹಾಗಾದರೆ ಮರಕ್ಕೆ ಔಷಧಿ, ಮರದ ಕೆಲಸ, ಬಟ್ಟೆ ಬೇರೆ, ಒಟ್ಟು 21 ಸಾವಿರ ಎಂದ. ಬಟ್ಟೆ ಸೀಳಿದ ಹತ್ತು ಕುಶನ್ ನಡುಮನೆಯಲ್ಲಿ ಬಿದ್ದಿದ್ದವು, ನಿಶ್ಚಯದ ದಿನ ಹತ್ತಿರ ಬಂದಿತ್ತು. ಯಾರ ಬಳಿ ಹೋಗುವುದು? ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಮೊದಲು ಬಟ್ಟೆ ಸೀಳಿಸಿದ್ದು.

ಆಮೇಲೆ ನಮ್ಮ ಓಣಿಯ ಬಡಿಗೇರ ಕಾಕಾ ಬಂದು ಅದೇ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಮರದ ಪುಡಿ ಅಲ್ಲ ತಂಗಿ, ಹಳೆಯ ಫೋಮ್ ಉದುರಿದ್ದು" ಎಂದರು. ಫೋಮ್ ಹಳೆಯದಾದರೆ ಹಳದಿ ಪುಡಿಯಾಗಿ ಉದುರುತ್ತದೆ. ಹುಳು ಕೊರೆದಿದ್ದರೆ ಮರದಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಾಣಬೇಕು, ಒಂದೂ ಇಲ್ಲ. ಬಲಿತ ಸಾಗುವಾನಿಯ ಒಳಮರಕ್ಕೆ ಗೆದ್ದಲೂ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಹಾಗಾದರೆ ಆ ಔಷಧಿ ಯಾವುದಕ್ಕೆ?

ಕೆಲಸ ಮುಗಿಯಿತು. 18 ಸಾವಿರ ಕೊಟ್ಟೆವು, ಮೂರು ಸಾವಿರ ಬಾಕಿ ಉಳಿಸಿಕೊಂಡೆವು. ನಿಶ್ಚಯದ ದಿನ ಬೀಗರ ಮನೆಯ ಹಿರಿಯರು ಕೂತರೆ ಕುಶನ್ ಪಟ್ಟಿಯ ತನಕ ಕುಸಿಯಿತು, ಇಬ್ಬರು ಕೈ ಹಿಡಿದು ಎಬ್ಬಿಸಬೇಕಾಯಿತು. ಹುಡುಗನ ತಾಯಿಯ ಇಳಕಲ್ ಸೀರೆಯ ಸೆರಗು ಸೋಫಾದ ಅಂಚಿನ ಪಿನ್ನಿಗೆ ಸಿಕ್ಕಿ ಎಳೆ ಕಿತ್ತು ಬಂತು. ಅವರು "ಇರಲಿ ಬಿಡಿ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಫೋನ್ ಮಾಡಿ ಕೇಳಿದರೆ ಅವನ ಉತ್ತರ ಕೇಳಿ. ಮೊದಲು "ಹೊಸ ಫೋಮ್, ಕೂತು ಕೂತು ಸರಿಯಾಗುತ್ತದೆ." ಆಮೇಲೆ "ನಿಮ್ಮ ಕಡೆಯವರು ಮೈಭಾರ ಇರಬೇಕು." ಕೊನೆಗೆ "40 ಡೆನ್ಸಿಟಿ ಅಲ್ಲ ಎಂದು ನೀವು ಹೇಗೆ ಹೇಳುತ್ತೀರಿ, ನೀವೇನು ಕಾರ್ಖಾನೆ ಇಟ್ಟಿದ್ದೀರಾ?"

ಹೇಗೆ ಹೇಳುತ್ತೇನೆಂದರೆ, ತೂಗಿ ಹೇಳುತ್ತೇನೆ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ನಮ್ಮ ಕುಶನ್ 22 ಇಂಚು ಉದ್ದ, 22 ಇಂಚು ಅಗಲ, 4 ಇಂಚು ದಪ್ಪ. 40 ಡೆನ್ಸಿಟಿಯದಾದರೆ ಸುಮಾರು 1 ಕಿಲೋ 270 ಗ್ರಾಂ ಇರಬೇಕು. 32 ಆದರೂ ಒಂದು ಕಿಲೋ. ಜಿಪ್ ತೆಗೆದು ಫೋಮನ್ನು ತೀನ್ ಕಂದೀಲ್ ಕಡೆಯ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ಇಟ್ಟರೆ 580 ಗ್ರಾಂ! ಅರ್ಧವೂ ಇಲ್ಲ. ಬಟ್ಟೆಯೂ ಅಷ್ಟೇ. ಅವನು ಕೊಟ್ಟ ಲೆಕ್ಕದ ಚೀಟಿಯಲ್ಲಿ 16 ಮೀಟರ್, ಮೀಟರಿಗೆ 450 ಎಂದಿದೆ. 54 ಇಂಚು ಪನ್ನದ ಬಟ್ಟೆಯಲ್ಲಿ ಇಂಥ ಒಂದು ಕುಶನ್‌ಗೆ ಒಂದು ಮೀಟರ್ ಸಾಕು, ಹತ್ತಕ್ಕೆ ಹತ್ತು. ಹೊಲಿಗೆ ಬಲ್ಲ ನನ್ನ ತಂಗಿ ಕತ್ತರಿಸುವ ಲೆಕ್ಕ ಹಾಕಿ ತೋರಿಸಿದಳು. ಮಿಕ್ಕ ಆರು ಮೀಟರ್ ಎಲ್ಲಿ ಎಂದರೆ "ವೇಸ್ಟ್ ಹೋಗುತ್ತದೆ ಮೇಡಂ" ಎಂದ. ಆ ವೇಸ್ಟ್ ನಮ್ಮ ಮನೆಗಂತೂ ಬರಲಿಲ್ಲ.

ಬಡಿಗೇರ ಕಾಕಾ ಹೇಳಿದ ಇನ್ನೊಂದು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅವನಿಗೆ ಬೇಕಿದ್ದದ್ದು ನಮ್ಮ ಮರವಂತೆ. ಹೊಸ ಸೆಟ್ಟನ್ನೂ ಮಾರಿ, ಅಪ್ಪನ ಸಾಗುವಾನಿಯನ್ನು 1,500ಕ್ಕೆ ಎತ್ತಿಕೊಂಡು ಹೋಗುವವನಿದ್ದ.

ಮರ ಗಟ್ಟಿಯಿದ್ದರೆ ರಿಪೇರಿಯನ್ನೇ ಮಾಡಿಸಿ, ಆದರೆ ಮರವನ್ನು ಬಡಿಗರಿಗೆ ತೋರಿಸಿ, ಸೋಫಾ ಮಾರುವವನಿಗಲ್ಲ. ಒಟ್ಟು ಎಷ್ಟು, ಫೋಮ್ ಯಾವುದು, ಬಟ್ಟೆ ಎಷ್ಟು ಮೀಟರ್ ಎಂದು ಬರೆದು ಸಹಿ ಹಾಕಿಸಿಕೊಳ್ಳುವ ತನಕ ಬ್ಲೇಡ್ ಮುಟ್ಟಲು ಬಿಡಬೇಡಿ. ಮೊದಲು ಒಂದೇ ಕುಶನ್ ಮಾಡಿಸಿ, ತೂಗಿ ನೋಡಿ, ಆಮೇಲೆ ಮಿಕ್ಕದ್ದು. ರೆಕ್ಸಿನ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ನಮ್ಮ ರಾಯಚೂರಿನ ಬೇಸಿಗೆ ನೆನಪಿಸಿಕೊಳ್ಳಿ, ಮೈಗೆ ಅಂಟುತ್ತದೆ, ಕೆಲ ವರ್ಷಕ್ಕೆ ಸಿಪ್ಪೆ ಏಳುತ್ತದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅವನು ಬಾಕಿ ಮೂರು ಸಾವಿರಕ್ಕೆ ಈಗಲೂ ಫೋನ್ ಮಾಡುತ್ತಿದ್ದಾನೆ. "40 ಡೆನ್ಸಿಟಿ ಫೋಮ್ ಹಾಕಿದ್ದೇನೆ ಎಂದು ಬರೆದ ಬಿಲ್ ತಂದು ಕೊಡಿ, ಹಣ ಒಯ್ಯಿರಿ" ಎಂದಿದ್ದೇನೆ. ಬಿಲ್ ಮಾತ್ರ ಇನ್ನೂ ಬಂದಿಲ್ಲ.