ಬದಿಯಡ್ಕದ ಹೊಲಿಗೆ ಅಂಗಡಿ: ಹಳೇ ಜೀನ್ಸ್ ಕೊಟ್ಟೆ, ಗಟ್ಟಿ ಚೀಲ ಬಂತು

ಕಪಾಟು ಖಾಲಿ ಮಾಡುವಾಗ ಎರಡು ಜೀನ್ಸ್, ಅಪ್ಪನ ಮೂರು ಲುಂಗಿ, ಅಮ್ಮನ ಕಾಟನ್ ಸೀರೆ, ಒಂದಷ್ಟು ಪಾಲಿಯೆಸ್ಟರ್ ಚೂಡಿದಾರ್ ಸಿಕ್ಕಿದವು. ಯಾರಿಗೂ ಕೊಡುವ ಹಾಗಿರಲಿಲ್ಲ. ಸುಡಲು ಮನಸ್ಸು ಬರಲಿಲ್ಲ. ಹಳೇ ಬಟ್ಟೆಯಲ್ಲಿ ಚೀಲ, ಕಾಲೊರಸು ಹೊಲಿದು ಕೊಡುವ ಅಕ್ಕ ಒಬ್ಬರು ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಇದ್ದಾರೆ ಅಂತ ನೆರೆಮನೆಯವರು ಹೇಳಿದರು. ಎಲ್ಲವನ್ನೂ ಗೋಣಿಯಲ್ಲಿ ತುಂಬಿಸಿಕೊಂಡು ಹೋದೆ.

ಅವರು ಮೊದಲು ಮಾಡಿದ್ದು, ಒಂದೊಂದೇ ಬಟ್ಟೆ ಬೆಳಕಿಗೆ ಹಿಡಿದು ನೋಡಿ ಬೇರೆ ಬೇರೆ ರಾಶಿ ಹಾಕಿದ್ದು. "ಪಾಲಿಯೆಸ್ಟರ್ ನೀರು ಹೀರುವುದಿಲ್ಲ ಅಕ್ಕ, ಬಿಸಿ ಪಾತ್ರೆ ಹಿಡಿದರೆ ಕರಗಿ ಕೈಗೆ ಅಂಟುತ್ತದೆ. ಇದರಲ್ಲಿ ಮಸಿಬಟ್ಟೆ ಬೇಡ, ಸಣ್ಣಕ್ಕೆ ಕತ್ತರಿಸಿ ದಿಂಬಿನೊಳಗೆ ತುಂಬಿಸುವಾ" ಅಂದರು. ಮಸಿಬಟ್ಟೆಗೆ ಲುಂಗಿ ತೆಗೆದಿಟ್ಟರು. ಕೊಟ್ಟದ್ದನ್ನೆಲ್ಲ ಸುಮ್ನೆ ಹೊಲಿದು ದುಡ್ಡು ತಗೊಳ್ಳಬಹುದಿತ್ತು, ಅಲ್ವಾ? ನನಗೆ ಇವರ ಮೇಲೆ ನಂಬಿಕೆ ಬಂದದ್ದು ಇಲ್ಲೇ.

ಜೀನ್ಸಿನಿಂದ ಚೀಲ ಹೊಲಿಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದೆ. ಕಾಲಿನ ಬದಿಯ ಹೊಲಿಗೆ ಒಂದರ ಮೇಲೊಂದು ಕೂತು ದಪ್ಪ ಆಗಿರುತ್ತದೆ, ಮಿಷನ್ ಅಲ್ಲಿ ಮುಂದೆ ಹೋಗುವುದೇ ಇಲ್ಲ. ಅವರು ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು ಚಪ್ಪಟೆ ಮಾಡಿದರು, 16 ನಂಬರ್ ಸೂಜಿ ಹಾಕಿದರು, ಆ ಜಾಗದಲ್ಲಿ ಪೆಡಲ್ ಬಿಟ್ಟು ಕೈಯಲ್ಲೇ ಚಕ್ರ ತಿರುಗಿಸಿ ನಿಧಾನಕ್ಕೆ ದಾಟಿಸಿದರು. ಹಿಂದಿನ ಜೇಬು ಹಾಗೆಯೇ ಉಳಿಸಿದ್ದಾರೆ. ಅಮ್ಮ ಈಗ ಅದರಲ್ಲಿ ಬಸ್ಸಿಗೆ ಚಿಲ್ಲರೆ ಇಟ್ಟುಕೊಳ್ಳುತ್ತಾರೆ.

2020ರ ಜನವರಿಯಲ್ಲಿ ಕೇರಳದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ ಆದಾಗಿನಿಂದ ನಮ್ಮ ಮನೆಗೆ ಬಟ್ಟೆ ಚೀಲ ಎಷ್ಟಿದ್ದರೂ ಸಾಲದು. ಅಂಗಡಿಯಲ್ಲಿ ಕೊಂಡ ಚೀಲಗಳ ಹಿಡಿ ಎರಡೇ ತಿಂಗಳಿಗೆ ಕಿತ್ತು ಬರುತ್ತಿತ್ತು. ಇದರಲ್ಲಿ ಹಿಡಿಯನ್ನು ಚೀಲದ ತಳದವರೆಗೂ ಎಳೆದು ಹೊಲಿದಿದ್ದಾರೆ. ಎಂಟು ತೆಂಗಿನಕಾಯಿ ಹಾಕಿ ಹೊತ್ತಿದ್ದೇನೆ, ಒಂದು ನೂಲು ಬಿಟ್ಟಿಲ್ಲ.

ಕಾಲೊರಸು ಮಾತ್ರ ಸರಿ ಬರಲಿಲ್ಲ. ಅಡಿಯಲ್ಲಿ ಜೀನ್ಸ್, ಮೇಲೆ ಲುಂಗಿ ತುಂಡು ಹೆಣೆದು ಹಾಕಿದ್ದರು. ನೋಡಲು ಬಹಳ ಚಂದ. ಆದರೆ ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದು ಮೂರು ದಿನವಾದರೂ ಒಣಗದೆ ವಾಸನೆ ಬಂತು. ಹೇಳಿದ ಕೂಡಲೇ ಅಡಿಯ ಜೀನ್ಸ್ ಬಿಚ್ಚಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಈಗ ಒಂದು ರಾತ್ರಿ ಒಲೆಯ ಹತ್ತಿರ ಹಾಕಿದರೆ ಸಾಕು. ಮಳೆಗಾಲಕ್ಕೆ ಅಂತಾದರೆ ಬರೀ ಲುಂಗಿಯದ್ದೇ ಹೊಲಿಸಿ.

ಚೀಲಕ್ಕೆ 120 ರೂಪಾಯಿ, ಕಾಲೊರಸಿಗೆ 60, ನಾಲ್ಕು ಮಸಿಬಟ್ಟೆಗೆ 40 ತಗೊಂಡರು. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ತಂಗಿಯ ಮಗುವಿಗೆ ಹಾಸಲು ಹೊಲಿದದ್ದಕ್ಕೆ 150. ಕೆಲಸ ನೋಡಿದರೆ ಜಾಸ್ತಿ ಅಲ್ಲ. ಒಂದು ವಾರ ಅಂದದ್ದು ಮೂರು ವಾರ ಆಯಿತು, ಅದೊಂದು ಬೇಜಾರು. ಜೂನ್ ಒಂದಕ್ಕೆ ಶಾಲೆ ಶುರು, ಯೂನಿಫಾರ್ಮ್ ರಾಶಿ ಬಿದ್ದಿತ್ತು. ನೀವು ಕೊಡುವುದಾದರೆ ಏಪ್ರಿಲ್ ಮಧ್ಯದ ವಿಷು ಹಬ್ಬಕ್ಕೆ ಮೊದಲೇ ಕೊಡಿ. ಒಗೆದು, ಒಣಗಿಸಿ ಕೊಡಿ.