ಅರಬ್ಬಿ ಕಲಿಯಲು ಕೈರೋ ಮತ್ತು ಅಮ್ಮಾನ್: ಒಂದು ಹೋಲಿಕೆ

ಅರಬ್ಬಿ ಭಾಷೆಯನ್ನು ಅದರ ನೆಲದಲ್ಲೇ ಇದ್ದು ಕಲಿಯಬೇಕೆಂದು ಹೊರಟವರು ಹಿಂದೆ ಡಮಾಸ್ಕಸ್ಸಿಗೆ ಹೋಗುತ್ತಿದ್ದರು. 2011ರಲ್ಲಿ ಸಿರಿಯಾದಲ್ಲಿ ಯುದ್ಧ ಆರಂಭವಾದ ಮೇಲೆ ಅವರಲ್ಲಿ ಹೆಚ್ಚಿನವರ ಮುಂದಿರುವ ಆಯ್ಕೆಗಳು ಈಜಿಪ್ಟಿನ ಕೈರೋ ಮತ್ತು ಜೋರ್ಡಾನಿನ ಅಮ್ಮಾನ್. ಎರಡೂ ಊರುಗಳಲ್ಲಿ ಇದ್ದು ಕಲಿತ ನನಗೆ ಪಾಠದ ಗುಣಮಟ್ಟದಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ವ್ಯತ್ಯಾಸವೆಲ್ಲ ಇದ್ದುದು ತರಗತಿಯಿಂದ ಹೊರಬಂದ ಮೇಲೆ ಕಿವಿಗೆ ಬೀಳುವ ಮಾತಿನಲ್ಲಿ.

ಪತ್ರಿಕೆ, ಗ್ರಂಥ, ವಾರ್ತೆಗಳ ಭಾಷೆಯಾದ ಫುಸ್‌ಹಾ ಯಾರ ಮನೆಮಾತೂ ಅಲ್ಲ. ಗ್ರಾಂಥಿಕ ಕನ್ನಡಕ್ಕೂ ಕುಂದಾಪುರದ ಆಡುಮಾತಿಗೂ ಇರುವ ದೂರವನ್ನು ಬಲ್ಲವರಿಗೆ ಇದು ಅರ್ಥವಾದೀತು, ಆದರೆ ಅರಬ್ಬಿಯಲ್ಲಿ ಆ ದೂರ ಇನ್ನೂ ಹೆಚ್ಚು. ಕೈರೋದಲ್ಲಿ 'ಜ' ಧ್ವನಿ 'ಗ' ಆಗುತ್ತದೆ, 'ಕಹ್ವಾ' ಎಂಬ ಕಾಫಿ 'ಅಹ್ವಾ' ಆಗುತ್ತದೆ. ಬೆಳಿಗ್ಗೆ ಪುಸ್ತಕದಲ್ಲಿ ಓದಿದ ಪದವನ್ನು ಸಂಜೆ ಬೀದಿಯಲ್ಲಿ ಗುರುತಿಸುವುದಕ್ಕೇ ಕೆಲವು ವಾರಗಳು ಹಿಡಿಯುತ್ತವೆ. ಆದರೂ ಮಾತಿನ ಅಭ್ಯಾಸಕ್ಕೆ ಕೈರೋಗೆ ಸಮನಾದ ಊರನ್ನು ನಾನು ಕಂಡಿಲ್ಲ. ಟ್ಯಾಕ್ಸಿಯವರು, ಫೂಲ್ ಎಂಬ ಬೇಯಿಸಿದ ಕಾಳಿನ ತಿಂಡಿ ಮಾರುವವರು, ಕಟ್ಟಡದ ಕಾವಲುಗಾರರು, ಎಲ್ಲರೂ ತಾವಾಗಿಯೇ ಮಾತಿಗೆಳೆಯುತ್ತಾರೆ, ತಪ್ಪು ಅರಬ್ಬಿಗೂ ಅರಬ್ಬಿಯಲ್ಲೇ ಉತ್ತರಿಸುತ್ತಾರೆ. ಈಜಿಪ್ಟಿನ ಚಲನಚಿತ್ರ ಮತ್ತು ಧಾರಾವಾಹಿಗಳ ಪ್ರಭಾವದಿಂದ ಅಲ್ಲಿ ಕಲಿತ ಆಡುಮಾತು ಇತರ ಅರಬ್ ದೇಶಗಳಲ್ಲಿಯೂ ಬಹುಮಟ್ಟಿಗೆ ಅರ್ಥವಾಗುತ್ತದೆ. 2016 ಮತ್ತು 2024ರಲ್ಲಿ ಈಜಿಪ್ಟಿನ ಪೌಂಡಿನ ಬೆಲೆ ತೀವ್ರವಾಗಿ ಕುಸಿದುದರಿಂದ ಹೊರಗಿನಿಂದ ಹಣ ತರುವವರಿಗೆ ಅಲ್ಲಿನ ವಾಸ ಅಗ್ಗ.

ಅಮ್ಮಾನಿನ ಮಾತು ಫುಸ್‌ಹಾಕ್ಕೆ ಇನ್ನಷ್ಟು ಹತ್ತಿರವಿದ್ದು, 'ಜ' ಅಲ್ಲಿ 'ಜ'ವಾಗಿಯೇ ಉಳಿಯುತ್ತದೆ. ಪ್ಯಾಲೆಸ್ತೀನ್ ಮತ್ತು ಸಿರಿಯಾ ಮೂಲದ ಜನ ಬಹಳವಾಗಿರುವುದರಿಂದ ಅಲ್ಲಿ ಕಲಿತದ್ದು ಜೆರುಸಲೇಮಿನಿಂದ ಬೈರೂತಿನವರೆಗೆ ಸಲ್ಲುತ್ತದೆ. ಊರು ಶಾಂತವಾಗಿದೆ, ಒಬ್ಬರೇ ಓಡಾಡಲು ಕೈರೋಗಿಂತ ಇದೇ ನಿರಾಳವೆಂದು ಜೊತೆಗೆ ಕಲಿಯುತ್ತಿದ್ದ ಹೆಣ್ಣುಮಕ್ಕಳು ಹೇಳುತ್ತಿದ್ದರು, ಅದು ಸಣ್ಣ ಸಂಗತಿಯಲ್ಲ. ಆದರೆ ಜೋರ್ಡಾನಿನ ನಾಣ್ಯವಾದ ದಿನಾರಿಗೆ 1995ರಿಂದ ಡಾಲರಿನೊಂದಿಗೆ ಸ್ಥಿರ ದರವಿರುವುದರಿಂದ ಖರ್ಚು ಹೆಚ್ಚು. ಅದಕ್ಕಿಂತ ದೊಡ್ಡ ತೊಡಕೆಂದರೆ ಪಶ್ಚಿಮ ಅಮ್ಮಾನಿನ ಅಂಗಡಿ, ಹೋಟೆಲುಗಳಲ್ಲಿ ವಿದೇಶಿಯರೊಡನೆ ಸಲೀಸಾಗಿ ಇಂಗ್ಲಿಷಿಗೆ ಹೊರಳಿಬಿಡುವುದು. ಹಳೆಯ ಪೇಟೆಯಾದ ವಸ್ತ್ ಅಲ್-ಬಲದ್ ಕಡೆ ಈ ತೊಂದರೆ ಕಡಿಮೆ.

ದುಬೈಯಲ್ಲಿ ಬಂಧುಗಳಿದ್ದಾರೆ, ಅಲ್ಲಿಯೇ ಕಲಿಯಬಹುದಲ್ಲ ಎಂದು ಕರಾವಳಿಯ ಕೆಲವರು ಕೇಳುತ್ತಾರೆ. ಹಿಂದಿ, ಮಲಯಾಳ, ಇಂಗ್ಲಿಷಿನಲ್ಲೇ ದಿನ ಕಳೆಯಬಹುದಾದ ಆ ಊರು ಈ ಉದ್ದೇಶಕ್ಕೆ ಒದಗುವುದಿಲ್ಲ.

ಓದುವುದೇ ಮುಖ್ಯವಾದವರಿಗೆ ಅಮ್ಮಾನನ್ನೂ, ಮಾತನಾಡಬೇಕೆನ್ನುವವರಿಗೆ ಕೈರೋವನ್ನೂ ಸೂಚಿಸುತ್ತೇನೆ. ಎರಡಕ್ಕೂ ಅನುಕೂಲವಿದ್ದರೆ ಮೊದಲು ಅಮ್ಮಾನಿನಲ್ಲಿ ವ್ಯಾಕರಣವನ್ನು ಗಟ್ಟಿಮಾಡಿಕೊಂಡು, ಪತ್ರಿಕೆ ಓದಲು ಬಂದ ಮೇಲೆ ಕೈರೋಗೆ ಹೋಗಿ, ವಿದೇಶಿ ವಿದ್ಯಾರ್ಥಿಗಳ ಜೊತೆಗಲ್ಲದೆ ಸ್ಥಳೀಯ ಕುಟುಂಬದ ಮನೆಯಲ್ಲಿ ಕೋಣೆ ಹಿಡಿಯುವುದು ಒಳ್ಳೆಯದು.